ಕಾಸಿಂ ರಜ್ವಿಯ ಸಾಲ ತೀರಿಸಿದವರು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಗಳಲ್ಲಿ ರಜಾಕಾರರ ಮಾತು ಇನ್ನೂ ಮರೆತಿಲ್ಲ. ಭೀಮೆ ದಾಟಿದರೆ ಅಫಜಲಪುರ, ಮುದ್ದೇಬಿಹಾಳದ ಮೂಡಲಿಗೆ ಸುರಪುರ. 1948ರವರೆಗೆ ಅದು ನಿಜಾಮನ ಸೀಮೆ, ಇದು ಮುಂಬಯಿ ಪ್ರಾಂತ. ಗುಂಪು ಬಂತೆಂದರೆ ಆಚೆಯ ಜನ ಬಂಡಿ ಕಟ್ಟಿಕೊಂಡು ಈಚೆಗೆ ಬರುತ್ತಿದ್ದರು.

ಆ ಗುಂಪುಗಳ ಮುಖಂಡ ಕಾಸಿಂ ರಜ್ವಿ ನವಾಬನೇನಲ್ಲ. ಅಲಿಗಢದಲ್ಲಿ ಕಲಿತು ಲಾತೂರಿನಲ್ಲಿ ವಕೀಲಿ ಮಾಡಿಕೊಂಡಿದ್ದವ. 1946ರ ಕೊನೆಗೆ ಇತ್ತೆಹಾದುಲ್ ಮುಸ್ಲಿಮೀನ್ ಸಂಸ್ಥೆಯ ಅಧ್ಯಕ್ಷನಾದ. ರಜಾಕಾರ ಎಂದರೆ ಸ್ವಯಂಸೇವಕ. ಆ ಸ್ವಯಂಸೇವಕರ ಕೈಗೆ ಈತ ಬಂದೂಕು ಬರಿಸಿದ. ಸಂಸ್ಥಾನದ ಒಡೆತನ ಒಬ್ಬೊಬ್ಬ ಮುಸಲ್ಮಾನನದೂ ಹೌದು ಎಂಬುದು ಸಂಸ್ಥೆಯ ವಾದ. ಕೇಳಲು ಚೆಂದ! ಟಾಂಗಾ ಹೊಡೆಯುವವನಿಗೆ, ಪಿಂಜಾರನಿಗೆ ಯಾವ ಒಡೆತನ ಬಂತು? ಜಾಗೀರು ಜಾಗೀರದಾರನಲ್ಲೇ ಉಳಿಯಿತು. ಅರಿವೆ, ಲಾಠಿ, ಘೋಷಣೆ ಇವಷ್ಟೇ ಬಡವನ ಪಾಲು.

1948ರ ಜನವರಿಯಲ್ಲಿ ಬೀಬಿನಗರದ ಜನ ಗಾಂಧೀಜಿಗೆ ಜಯಕಾರ ಹಾಕಿದರೆಂದು ರಜಾಕಾರರು ರೈಲಿನಿಂದಿಳಿದು ಊರನ್ನೇ ದೋಚಿದರು. ಬೀದರ ಜಿಲ್ಲೆಯ ಗೋರಟಾದಲ್ಲಿ ಮೇ ತಿಂಗಳು ಹೆಣ ಬಿದ್ದವು. ಇದನ್ನು ಬರೀ ಹಿಂದೂ-ಮುಸ್ಲಿಂ ಜಗಳವೆನ್ನುವವರು ಶೋಯೆಬುಲ್ಲಾ ಖಾನನನ್ನು ನೆನೆಯಲಿ. 'ಇಮ್ರೋಜ್' ಪತ್ರಿಕೆಯ ಸಂಪಾದಕ. ಸಂಸ್ಥಾನ ಭಾರತಕ್ಕೆ ಸೇರಲಿ ಎಂದು ಬರೆದ. ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಅವನನ್ನು ಕೊಂದು, ಬರೆಯುವ ಕೈಯನ್ನೂ ಕಡಿದರು.

ಸಪ್ಟೆಂಬರ್ 13ಕ್ಕೆ ಸೊಲ್ಲಾಪುರದಿಂದ ಸೈನ್ಯ ಹೊರಟಿತು. ಐದು ದಿನಗಳಲ್ಲಿ ಎಲ್ಲ ಮುಗಿಯಿತು. ದಿಲ್ಲಿಯ ಕೆಂಪುಕೋಟೆಯ ಮೇಲೆ ನಿಜಾಮನ ಬಾವುಟ ಹಾರಿಸುತ್ತೇನೆಂದವನು ಕೈಸೆರೆಯಾದ.

ಇಲ್ಲಿಗೆ ಕಥೆ ನಿಲ್ಲಿಸುವವರೇ ಬಹಳ. ಆಮೇಲಿನ ವಾರಗಳಲ್ಲಿ ಕಲಬುರ್ಗಿ, ಬೀದರ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ಸೇಡಿನ ಕೊಲೆಗಳಾದವು. ರಜಾಕಾರನಾಗದ ರೈತ, ನೇಕಾರ, ಕೂಲಿಯವ, ಹೆಸರೊಂದರ ಸಲುವಾಗಿ ಸತ್ತರು. ಭಾರತ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು.

ಇನ್ನು ದೊಡ್ಡವರ ಲೆಕ್ಕ ನೋಡಿ. ನಿಜಾಮ 1950ರಲ್ಲಿ ರಾಜಪ್ರಮುಖನಾದ. ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ಬೇರೆ. ರಜ್ವಿಗೆ ಬೀಬಿನಗರದ ಪ್ರಕರಣದಲ್ಲಿ ಏಳು ವರ್ಷ ಸಜೆಯಾಯಿತು, ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ, 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ ಹೊಡೆತ ತಿಂದವರಿಗೆ ಕರಾಚಿಯ ಟಿಕೇಟು ಯಾರೂ ಕೊಡಲಿಲ್ಲ; ಸುಟ್ಟ ಮನೆಗೆ ಮತ್ತೆ ಜಂತಿ ಏರಿಸಿಕೊಂಡು ಅಲ್ಲೇ ಬಾಳಿದರು. ಸುಂದರಲಾಲರ ವರದಿಯೋ, ದಿಲ್ಲಿಯ ಕಪಾಟಿನಲ್ಲಿ ಕೂತದ್ದು ಜನರ ಕೈಗೆ ಸಿಕ್ಕದ್ದು 2013ರಲ್ಲಿ.