ಬಂಡಿಗೆ ಅರ್ಥ ಕೊಟ್ಟ ಚೀಟಿ



ನಾಟ್ಯವು ಲೋಕದ ನಡವಳಿಕೆಯ ಅನುಕರಣೆ ಎಂಬ ವಿಚಾರ ಭರತಮುನಿಯಷ್ಟು ಹಳೆಯದು. ರೂಪವನ್ನು ಯಥಾವತ್ತಾಗಿ ತಂದರೆ ಅನುಕರಣೆ ಪೂರ್ಣವಾಯಿತೆ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ಈ ಪ್ರಶ್ನೆ ಅಮೆರಿಕದ ಮಾದರಿ ರೈಲಿನ ಹವ್ಯಾಸಿಗಳನ್ನೂ ಕಾಡಿತೆಂದರೆ ಆಶ್ಚರ್ಯವಾದೀತು. ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನಷ್ಟು ಗಾತ್ರದ ಎಂಜಿನು, ವ್ಯಾಗನ್ನು, ನಿಲ್ದಾಣಗಳನ್ನು ಮನೆಯ ನೆಲಮಾಳಿಗೆಯಲ್ಲಿ ಕಟ್ಟಿ ಓಡಿಸುವ ವಯಸ್ಕರು ಇವರು. ಬಣ್ಣ, ಗಾಲಿ, ಕೊಂಡಿ ಎಲ್ಲವೂ ಸರಿಯಾಗಿಯೇ ಇದ್ದವು. ಆದರೂ ಬಂಡಿ ಗಾಣದೆತ್ತಿನಂತೆ ಸುತ್ತುತ್ತಿತ್ತು. ಎಲ್ಲಿಗೆ, ಯಾರಿಗಾಗಿ ಎಂಬುದಕ್ಕೆ ಉತ್ತರವಿರಲಿಲ್ಲ. ಆ ಉತ್ತರ ಕೊನೆಗೆ ದೊರೆತದ್ದು ಯಂತ್ರದಲ್ಲಲ್ಲ, ವೇ-ಬಿಲ್ಲೆಂಬ ಕಾಗದದ ಚೀಟಿಯಲ್ಲಿ.

ಈ ಹೆಸರು ನಮ್ಮ ವರ್ತಕರಿಗೆ ಹೊಸದಲ್ಲ. ನಮ್ಮ ರೈಲ್ವೆಯ ಪಾರ್ಸೆಲ್ ಕಚೇರಿಗಳಲ್ಲಿ ವೇ-ಬಿಲ್ಲು ಉಂಟು. 2018ರಿಂದ ಲಾರಿಯ ಸರಕಿಗೆ ಇ-ವೇ ಬಿಲ್ಲೂ ಬಂದಿದೆ. ಅಮೆರಿಕದಲ್ಲಿ ಅದರ ಹೊಣೆ ಇನ್ನೂ ಹಿರಿದಾಗಿತ್ತು. ಅಲ್ಲಿಯ ರೈಲ್ವೆ ಒಂದೇ ಸಂಸ್ಥೆಯಲ್ಲ, ಹಲವು ಖಾಸಗಿ ಕಂಪನಿಗಳ ಸಮೂಹ. ಕ್ಯಾಲಿಫೋರ್ನಿಯಾದ ಕಿತ್ತಳೆ ನ್ಯೂಯಾರ್ಕನ್ನು ಮುಟ್ಟಬೇಕಾದರೆ ವ್ಯಾಗನ್ನು ಕಂಪನಿಯಿಂದ ಕಂಪನಿಗೆ ಕೈ ಬದಲಾಯಿಸುತ್ತ ಸಾಗಬೇಕು.

ಸರಕು ಒಪ್ಪಿಸಿದ ವರ್ತಕನಿಗೂ ರೈಲು ಕಂಪನಿಗೂ ಆದ ಒಪ್ಪಂದದ ಪತ್ರ ಬೇರೆ. ಅದರ ಆಧಾರದ ಮೇಲೆ ನಿಲ್ದಾಣದ ಏಜೆಂಟನು ವೇ-ಬಿಲ್ಲನ್ನು ಸಿದ್ಧಪಡಿಸುತ್ತಿದ್ದ. ವ್ಯಾಗನ್ನಿನ ಒಡೆಯ ಕಂಪನಿಯ ಹೆಸರಿನ ಅಕ್ಷರಗಳು, ಅದರ ಸಂಖ್ಯೆ, ಕಳಿಸುವವನು, ಪಡೆಯುವವನು, ಸರಕು, ತೂಕ, ಬಾಡಿಗೆ, ಯಾವ ಜಂಕ್ಷನ್ನಿನಲ್ಲಿ ಯಾವ ಕಂಪನಿಗೆ ಒಪ್ಪಿಸಬೇಕೆಂಬ ಮಾರ್ಗ ಇಷ್ಟೂ ಅದರಲ್ಲಿ ಇರುತ್ತಿದ್ದವು. ಹಣ್ಣಿನ ವ್ಯಾಗನ್ನಾದರೆ ಮಂಜುಗಡ್ಡೆ ತುಂಬುವ ಸೂಚನೆಯೂ ಇರುತ್ತಿತ್ತು. ಗೂಡ್ಸ್ ರೈಲಿನ ಕಂಡಕ್ಟರನು ಈ ಬಿಲ್ಲುಗಳ ಕಟ್ಟನ್ನು ತನ್ನೊಡನೆ ಒಯ್ಯುತ್ತಿದ್ದ. ಯಾರ್ಡಿನ ಗುಮಾಸ್ತನು ಅವನ್ನು ಓದಿ, ಯಾವ ವ್ಯಾಗನ್ನು ಯಾವ ಹಳಿಗೆಂದು ಪಟ್ಟಿ ಬರೆಯುತ್ತಿದ್ದ. ಬಾಡಿಗೆಯ ಹಣವನ್ನು ಕಂಪನಿಗಳು ಹಂಚಿಕೊಳ್ಳಲೂ ಇದೇ ಆಧಾರ. ಇನ್ನೊಂದು ಸ್ವಾರಸ್ಯವುಂಟು: ಕೊಳ್ಳುವವನು ಗೊತ್ತಾಗುವ ಮೊದಲೇ ಹಣ್ಣನ್ನು ಹೊರಡಿಸಿ, ದಾರಿಯಲ್ಲಿ ಮಾರಿ, ತಲಪುವ ಊರನ್ನೇ ಬದಲಾಯಿಸುವ ಪದ್ಧತಿಯೂ ಇತ್ತು. ಆಗ ವ್ಯಾಗನ್ನಿನ ಭವಿಷ್ಯ ತಿರುಗುತ್ತಿದ್ದುದು ಗುಮಾಸ್ತನ ಲೇಖನಿಯ ತುದಿಯಲ್ಲಿ.

ಇನ್ನು ಆಟಕ್ಕೆ ಬರೋಣ. 1944ರಲ್ಲಿ ಫ್ರಾಂಕ್ ಎಲಿಸನ್ ಎಂಬ ಹವ್ಯಾಸಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಮಾದರಿ ರೈಲನ್ನು ರಂಗಭೂಮಿಗೆ ಹೋಲಿಸಿದ. ಹಳಿಯೇ ರಂಗ, ರೈಲುಗಳೇ ನಟರು, ಅವುಗಳ ವೇಳಾಕ್ರಮವೇ ಕಥಾವಸ್ತು. 1961ರಲ್ಲಿ ಅದೇ ಪತ್ರಿಕೆಯಲ್ಲಿ ಡಗ್ ಸ್ಮಿತ್ ಕಾರ್ಡುಗಳ ಪದ್ಧತಿಯೊಂದನ್ನು ವಿವರಿಸಿದ. ಮುಂದೆ ಇದು ಬೆಳೆದ ರೀತಿ ಹೀಗೆ: ಪ್ರತಿ ವ್ಯಾಗನ್ನಿಗೂ ಒಂದು ಕಾರ್ಡು, ಕಾರ್ಡಿನ ಕೆಳಗೊಂದು ಜೇಬು, ಜೇಬಿನಲ್ಲಿ ಪುಟ್ಟ ವೇ-ಬಿಲ್ಲು. ಬಿಲ್ಲಿನಲ್ಲಿ ನಾಲ್ಕು ಪ್ರಯಾಣಗಳವರೆಗೆ ಬರೆದಿರುತ್ತದೆ. ಖಾಲಿ ವ್ಯಾಗನ್ನು ಮರದ ಮಿಲ್ಲಿಗೆ, ಅಲ್ಲಿಂದ ಹಲಗೆ ತುಂಬಿಕೊಂಡು ದೂರದ ಪಟ್ಟಣಕ್ಕೆ, ಹೀಗೆ. ಒಂದು ಪ್ರಯಾಣ ಮುಗಿದ ಮೇಲೆ ಚೀಟಿಯನ್ನು ತಿರುಗಿಸಿಟ್ಟರೆ ಮುಂದಿನ ಸಲ ಬೇರೊಂದು ಕಥೆ. ಸ್ನೇಹಿತರು ಕೂಡಿ, ಒಬ್ಬ ಕಂಡಕ್ಟರನಾಗಿ, ಒಬ್ಬ ಯಾರ್ಡಿನ ಅಧಿಕಾರಿಯಾಗಿ, ಚೀಟಿ ಓದಿ ವ್ಯಾಗನ್ನುಗಳನ್ನು ಅಲ್ಲಲ್ಲಿ ಬಿಟ್ಟು, ಎತ್ತಿಕೊಂಡು ಸಾಗುತ್ತಾರೆ.

ಆ ದೂರದ ಪಟ್ಟಣ ನೆಲಮಾಳಿಗೆಯಲ್ಲಿ ಇರಬೇಕೆಂದಿಲ್ಲ. ಗೋಡೆಯಾಚೆ ಮರೆಯಾಗಿರುವ ನಾಲ್ಕು ಹಳಿಗಳೇ ನ್ಯೂಯಾರ್ಕು. ಹೆಸರೊಂದನ್ನು ಬರೆದೊಡನೆ ಕಾಣದ ನಗರ, ಕಾಣದ ವರ್ತಕ, ಅವನು ಕಾಯುತ್ತಿರುವ ಸರಕು ಎಲ್ಲವೂ ಮನಸ್ಸಿನಲ್ಲಿ ಏಳುತ್ತವೆ. ನಮ್ಮ ಲಾಕ್ಷಣಿಕರು ಧ್ವನಿಯೆಂದದ್ದು ಇಂಥದನ್ನೇ ಅಲ್ಲವೆ? ‘ಅರ್ಥ’ ಎಂಬ ನಮ್ಮ ಶಬ್ದಕ್ಕೆ ಹಣವೆಂದೂ ಉದ್ದೇಶವೆಂದೂ ತಾತ್ಪರ್ಯವೆಂದೂ ಅರ್ಥಗಳುಂಟು. ನಿಜವಾದ ರೈಲಿಗೆ ಮೊದಲನೆಯದನ್ನು ಗಳಿಸಿಕೊಟ್ಟ ಚೀಟಿ, ಆಟದ ರೈಲಿಗೆ ಉಳಿದೆರಡನ್ನೂ ಕೊಟ್ಟಿತು.

ಇಂದು ಅಮೆರಿಕದ ರೈಲು ಕಂಪನಿಗಳ ವೇ-ಬಿಲ್ಲು ಕಂಪ್ಯೂಟರುಗಳ ನಡುವಿನ ಸಂದೇಶವಾಗಿದೆ. ಬಿಲ್ಲಿನ ಕಟ್ಟು ಹೋಯಿತು, ಅದನ್ನು ವಿಂಗಡಿಸುತ್ತಿದ್ದ ಗುಮಾಸ್ತನೂ ಹೋದ. ಅವನ ದುಡಿಮೆಯ ಕ್ರಮ ಕೈಯಲ್ಲಿ ಹಿಡಿಯುವಂತೆ ಉಳಿದಿರುವುದು ಈ ಹವ್ಯಾಸಿಗಳ ಬಳಿ. ತಮ್ಮ ಆಟ ನಿಜಕ್ಕೆ ಹತ್ತಿರವಾಗಲೆಂದು ಅವರು ಹಳೆಯ ಬಿಲ್ಲುಗಳನ್ನು ಹುಡುಕಿ ಓದುತ್ತಾರೆ. ಯಾವ ಊರಿನಿಂದ ಯಾವ ಊರಿಗೆ ಏನು ಹೋಗುತ್ತಿತ್ತೆಂದು ತಿಳಿಯುತ್ತಾರೆ. ಚರಿತ್ರೆಕಾರನ ಕೆಲಸವೂ ಇದೇ.

ಎಂಜಿನಿನ ವೈಭವಕ್ಕೆ ಸಂಗ್ರಹಾಲಯಗಳುಂಟು. ನಮ್ಮ ಮೈಸೂರಿನಲ್ಲಿಯೇ 1979ರಿಂದ ಒಂದಿದೆ. ರಸೀದಿ, ಲೆಕ್ಕದ ಪುಸ್ತಕ, ಬಿಲ್ಲುಗಳ ಗತಿ ಸಾಮಾನ್ಯವಾಗಿ ರದ್ದಿ ಅಂಗಡಿ. ಆದರೆ ಒಂದು ಊರಿನ ಜನ ಏನನ್ನು ಬೆಳೆದರು, ಏನನ್ನು ತರಿಸಿಕೊಂಡರು, ಯಾರೊಡನೆ ವ್ಯವಹರಿಸಿದರು ಎಂಬುದನ್ನು ಎಂಜಿನು ಹೇಳಲಾರದು. ಹಳೆಯ ಮಂಡಿಯ ಕಪಾಟು, ಅಜ್ಜನ ಪೆಟ್ಟಿಗೆ ಬರಿದುಮಾಡುವ ಸಂದರ್ಭ ನಮ್ಮ ಊರುಗಳಲ್ಲಿ ಆಗಾಗ ಬರುತ್ತದೆ. ಆಗ ಕಾಗದವನ್ನು ತೂಕಕ್ಕೆ ಹಾಕುವ ಮುನ್ನ ಒಂದು ಸಲ ಓದಿ ನೋಡುವುದು ಒಳ್ಳೆಯದು.