ಲಗಾಮು ಹಿಡಿದ ಕೈ

(ಮಹೋತ್ಸವದ ಸಭೆಯಲ್ಲಿ ಓದಲಾದ ಉಪನ್ಯಾಸ)



ದೇಹವು ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿಯು ಸಾರಥಿ ಎಂಬ ಉಪಮೆಯು ಕಠೋಪನಿಷತ್ತಿನಲ್ಲಿ ಬಂದಿದೆ. ಪ್ರವಚನಗಳಲ್ಲಿ ಇದನ್ನು ಕೇಳದವರು ವಿರಳ. ಉಪಮೆಯೆಂದು ಕೇಳಿ ಬಿಟ್ಟುಬಿಡುವ ಈ ಮಾತು ಅನುಭವಕ್ಕೇ ಬರುವ ಸ್ಥಳವೊಂದುಂಟು. ಅದು ನಿಜವಾದ ಕುದುರೆಯ ಬೆನ್ನು. ಅಲ್ಲಿ ಸವಾರನ ಮನಸ್ಸು ಬಿಗಿದರೆ ಕೈ ಬಿಗಿಯುತ್ತದೆ. ಕೈ ಬಿಗಿದರೆ ಕುದುರೆಯ ಬಾಯಿ ನೋಯುತ್ತದೆ. ಅಮೆರಿಕಾ ದೇಶದ ‘ರೈನಿಂಗ್’ ಎಂಬ ಅಶ್ವವಿದ್ಯೆಯಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದರಿಂದ ಆ ವಿದ್ಯೆಯೇ ಈ ಉಪನ್ಯಾಸದ ವಿಷಯವಾಗಿದೆ.

ಆ ದೇಶದ ಪಶ್ಚಿಮ ಪ್ರಾಂತಗಳ ಹುಲ್ಲುಗಾವಲುಗಳಲ್ಲಿ ದನಕಾಯುವವರು ಕುದುರೆಯ ಮೇಲೆಯೇ ಕುಳಿತು ಕೆಲಸಮಾಡುತ್ತಿದ್ದರು. ಹಿಂಡನ್ನು ಬಿಟ್ಟು ಸಿಡಿದೋಡುವ ಹೋರಿಯನ್ನು ತಡೆಯಬೇಕಾದರೆ ಕುದುರೆಯು ವೇಗವಾಗಿ ಓಡಬೇಕು, ಥಟ್ಟನೆ ನಿಲ್ಲಬೇಕು, ನಿಂತಲ್ಲಿಯೇ ತಿರುಗಬೇಕು. ಒಂದು ಕೈಗೆ ಹಗ್ಗದ ಕೆಲಸವಿದ್ದುದರಿಂದ ಲಗಾಮಿಗೆ ಉಳಿದದ್ದು ಒಂದೇ ಕೈ. ಈ ಕಸಬೇ ಮುಂದೆ ಸ್ಪರ್ಧೆಯಾಯಿತು. 1966ರಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘವೂ ಸ್ಥಾಪಿತವಾಯಿತು. ಸವಾರನು ನಿಯಮಿತವಾದ ಕ್ರಮವನ್ನು ಕಂಠಪಾಠ ಮಾಡಿಕೊಂಡು ಒಬ್ಬನೇ ಅಂಗಳಕ್ಕಿಳಿಯುತ್ತಾನೆ. ದೊಡ್ಡ ವೃತ್ತದಲ್ಲಿ ವೇಗ, ಸಣ್ಣ ವೃತ್ತದಲ್ಲಿ ನಿಧಾನ, ನಿಂತಲ್ಲಿ ಸುತ್ತು, ಹಿಂದಕ್ಕೆ ನಡೆ, ಕೊನೆಗೆ ಓಡೋಡಿ ಬಂದು ಜಾರುತ್ತ ನಿಲುಗಡೆ: ಇವೆಲ್ಲವೂ ಜೋತುಬಿದ್ದ ಲಗಾಮಿನಲ್ಲಿಯೇ ನಡೆದರೆ ಶ್ಲಾಘ್ಯ. ಎಣಿಕೆಯು 70 ಅಂಕಗಳಿಂದ ಆರಂಭವಾಗುತ್ತದೆ. ಒಂದೊಂದು ವರಸೆಗೂ ಹೆಚ್ಚೆಂದರೆ ಒಂದೂವರೆ ಅಂಕ ಕೂಡುತ್ತದೆ, ಇಲ್ಲವೆ ಕಳೆಯುತ್ತದೆ. ಸುತ್ತು ತಿರುಗುವಾಗ ಲೆಕ್ಕ ತಪ್ಪಿ ಕಾಲು ಸುತ್ತಿಗಿಂತ ಹೆಚ್ಚು ಮುಂದೆ ಹೋದರೆ ಇಡೀ ಪ್ರಯತ್ನಕ್ಕೆ ಸೊನ್ನೆಯೇ ಗತಿ.

ಹೀಗಿರಲು ಭಯವು ಹುಟ್ಟುವುದು ಸಹಜ. ಮರೆತೇನೆಂಬ ಭಯ, ಬಿದ್ದೇನೆಂಬ ಭಯ, ನೋಡುವವರು ನಕ್ಕಾರೆಂಬ ಭಯ. ಭಯ ಬಂದೊಡನೆ ಉಸಿರು ಎದೆಯಲ್ಲಿ ಕಟ್ಟುತ್ತದೆ, ಹೆಗಲು ಮೇಲೇರುತ್ತದೆ, ತೊಡೆಗಳು ಜೀನನ್ನು ಅವುಚಿಕೊಳ್ಳುತ್ತವೆ, ಬೆರಳುಗಳು ಮುಷ್ಟಿಯಾಗುತ್ತವೆ. ಕಾಲಿನ ಒತ್ತು ಎಂದರೆ ಕುದುರೆಗೆ ‘ಮುಂದೆ ಹೋಗು’ ಎಂಬ ಆಜ್ಞೆ. ಲಗಾಮಿನ ಸೆಳೆತ ಎಂದರೆ ‘ನಿಲ್ಲು’ ಎಂಬ ಆಜ್ಞೆ. ಭಯಗೊಂಡ ಸವಾರನು ತನಗೆ ತಿಳಿಯದೆಯೇ ಎರಡನ್ನೂ ಏಕಕಾಲದಲ್ಲಿ ಕೊಡುತ್ತಾನೆ. ಆ ಮೂಕಪ್ರಾಣಿಯು ಯಾವುದನ್ನು ಪಾಲಿಸಬೇಕು? ಅದು ತಲೆಯನ್ನು ಮೇಲಕ್ಕೆತ್ತಿ, ದವಡೆಯನ್ನು ಬಿಗಿದು, ಬೆನ್ನನ್ನು ಗಡುಸು ಮಾಡಿಕೊಂಡು, ಮುಂಗಾಲುಗಳ ಮೇಲೆ ಕುಕ್ಕರಿಸಿ ನಿಲ್ಲುತ್ತದೆ. ಆಗ ಸವಾರನು ‘ಕುದುರೆಯು ಹಟಮಾರಿ’ ಎನ್ನುತ್ತಾನೆ. ತಪ್ಪು ಒಬ್ಬನದು, ದಂಡನೆ ಮತ್ತೊಂದಕ್ಕೆ. ಅಂಕಗಳು ಹೋದರೆ ಮರುದಿನ ಗಳಿಸಬಹುದು. ಅನ್ಯಾಯವಾಗಿ ಪೆಟ್ಟು ತಿಂದ ಕುದುರೆಯ ವಿಶ್ವಾಸವನ್ನು ಮರಳಿ ಗಳಿಸಲು ಬಹುಕಾಲ ಬೇಕು.

ಸವಾರನ ಭಯವು ಕುದುರೆಗೆ ಹರಿಯುತ್ತದೆಂಬುದು ಊಹೆಯ ಮಾತಲ್ಲ. 2009ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಪರೀಕ್ಷೆಯೊಂದು ಇದನ್ನು ತೋರಿಸಿಕೊಟ್ಟಿತು. ಕೆಲವರು ಕುದುರೆಯನ್ನೇರಿ, ಕೆಲವರು ಕೈಹಿಡಿದು ನಡೆಸಿ, ಒಂದೇ ದಾರಿಯಲ್ಲಿ ಹಲವು ಸಲ ಸಾಗಿದರು. ನಾಲ್ಕನೆಯ ಸಲಕ್ಕೆ ಮೊದಲು, ‘ಈ ಬಾರಿ ಕುದುರೆಯ ಎದುರಿನಲ್ಲಿ ಕೊಡೆಯೊಂದನ್ನು ಬಿಚ್ಚಲಾಗುವುದು’ ಎಂದು ಅವರಿಗೆ ತಿಳಿಸಲಾಯಿತು. ವಾಸ್ತವದಲ್ಲಿ ಯಾವ ಕೊಡೆಯನ್ನೂ ಬಿಚ್ಚಲಿಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು. ಅದರೊಡನೆ ಕುದುರೆಗಳ ಎದೆಬಡಿತವೂ ಏರಿತು. ಕೊಡೆಯ ಸುದ್ದಿಯು ಕುದುರೆಗೆ ತಿಳಿದಿರಲಿಲ್ಲ. ತಿಳಿದದ್ದು ಮನುಷ್ಯನ ಅಂಜಿಕೆ ಮಾತ್ರ. ಮೈಮೇಲೆ ನೊಣ ಕುಳಿತರೆ ಅಷ್ಟೇ ಚರ್ಮವನ್ನು ಅದುರಿಸಬಲ್ಲ ಪ್ರಾಣಿಗೆ ಸವಾರನ ತೊಡೆಯ ಬಿಗಿತವು ತಿಳಿಯದಿದ್ದೀತೆ?

ಹಾಗಾದರೆ ಉಪಾಯವೇನು? ‘ಹೆದರಬೇಡ’ ಎಂದು ಮನಸ್ಸನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಬಿಗಿತವನ್ನು ಬಿಗಿತದಿಂದ ಗೆಲ್ಲಲಾಗದು. ಮನಸ್ಸು ಮಾತು ಕೇಳದಿದ್ದಾಗ ದೇಹದ ಮೂಲಕ ಅದರ ಬಳಿಗೆ ಹೋಗಬೇಕು. ಅದಕ್ಕೆ ಮೊದಲ ಬಾಗಿಲು ಉಸಿರು. ಒಳಕ್ಕೆಳೆದುದಕ್ಕಿಂತ ದೀರ್ಘವಾಗಿ, ಎಣಿಸುತ್ತ, ಉಸಿರನ್ನು ಹೊರಬಿಟ್ಟರೆ ಎದೆಬಡಿತ ತಗ್ಗುತ್ತದೆ. ಹೆಗಲು ತಾನಾಗಿಯೇ ಇಳಿಯುತ್ತದೆ. ನಿಲುಗಡೆಯ ವೇಳೆಯಲ್ಲಿಯೂ ನುರಿತ ಸವಾರನು ಮೊದಲು ಲಗಾಮನ್ನು ಸೆಳೆಯುವುದಿಲ್ಲ. ಉಸಿರು ಬಿಟ್ಟು ಜೀನಿನಲ್ಲಿ ಆಳವಾಗಿ ಕುಳಿತು, ನಿಲ್ಲೆಂಬ ಒಂದು ಶಬ್ದವನ್ನು ಉಚ್ಚರಿಸುತ್ತಾನೆ. ಕುದುರೆಯು ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ತಂದುಕೊಂಡು, ಮುಂಗಾಲುಗಳನ್ನು ಸಡಿಲವಾಗಿ ನಡೆಸುತ್ತ ಜಾರಿ ನಿಲ್ಲುತ್ತದೆ.

ಎರಡನೆಯ ಉಪಾಯವು ಅಮೆರಿಕಾದ ವೈದ್ಯ ಎಡ್ಮಂಡ್ ಜೇಕಬ್‌ಸನ್ನನು 1929ರ ತನ್ನ ಗ್ರಂಥದಲ್ಲಿ ವಿವರಿಸಿದ ಅಭ್ಯಾಸದಿಂದ ಬೆಳೆದುದು. ಒಂದೊಂದು ಅಂಗದ ಸ್ನಾಯುವನ್ನು ಬೇಕೆಂದೇ ಬಿಗಿದು ಅನಂತರ ಸಡಿಲಿಸಬೇಕು. ಬಿಗಿತ ಯಾವುದು, ಸಡಿಲ ಯಾವುದು ಎಂಬ ಭೇದವನ್ನು ದೇಹಕ್ಕೆ ಕಲಿಸುವುದೇ ಇದರ ಮರ್ಮ. ಬಿಗಿದುಕೊಂಡಿರುವೆನೆಂದು ಅರಿಯದವನು ಸಡಿಲಿಸುವುದೆಂತು?

ಮೂರನೆಯದು ಸ್ಯಾಲಿ ಸ್ವಿಫ್ಟ್ ಎಂಬ ಗುರುವಿನ ಬೋಧೆ. ಬಾಲ್ಯದಲ್ಲಿಯೇ ಬೆನ್ನೆಲುಬು ಬಾಗುವ ವ್ಯಾಧಿಗೆ ತುತ್ತಾದ ಈ ಮಹಿಳೆಯು ತನ್ನ ದೇಹವನ್ನು ತಿದ್ದಿಕೊಳ್ಳುತ್ತಲೇ ಇತರರಿಗೆ ಕಲಿಸುವ ಮಾರ್ಗವನ್ನು ಕಂಡುಕೊಂಡಳು. 1985ರಲ್ಲಿ ಆಕೆಯ ಗ್ರಂಥವು ಹೊರಬಂದಿತು. ಕುದುರೆಯ ಕಿವಿಯನ್ನೇ ದಿಟ್ಟಿಸದೆ ಸುತ್ತಲಿನದೆಲ್ಲವನ್ನೂ ಒಳಗೊಳ್ಳುವಂತೆ ನೋಟವನ್ನು ಮೃದುವಾಗಿ ಹರಡಬೇಕೆಂದೂ, ದೇಹದ ತೂಕವನ್ನು ಹೊಟ್ಟೆಯ ನಡುವಿನ ನೆಲೆಯಲ್ಲಿ ಇಳಿಬಿಡಬೇಕೆಂದೂ ಆಕೆ ಬೋಧಿಸಿದಳು. ದೃಷ್ಟಿ ಮೊನಚಾದರೆ ಕುತ್ತಿಗೆ ಬಿಗಿಯುವುದೆಂಬುದನ್ನು ಯಾರಾದರೂ ಕುಳಿತಲ್ಲಿಯೇ ಪರೀಕ್ಷಿಸಿಕೊಳ್ಳಬಹುದು.

ಇವುಗಳೊಡನೆ ಅಭ್ಯಾಸದ ಕ್ರಮವೂ ಸರಿಯಾಗಿರಬೇಕು. ಇಡೀ ಕ್ರಮವನ್ನು ದಿನವೂ ಆದ್ಯಂತವಾಗಿ ಓಡಿಸಿದರೆ ಕುದುರೆಯು ಮುಂದಿನದನ್ನು ತಾನೇ ಊಹಿಸಿ ಅವಸರಪಡುತ್ತದೆ. ಆದಕಾರಣ ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ, ಮೊದಲು ನಿಧಾನವಾಗಿ ಸಾಧಿಸಿ, ಪೂರ್ಣಕ್ರಮವನ್ನು ಕಣ್ಣುಮುಚ್ಚಿ ಮನಸ್ಸಿನಲ್ಲಿ ನಡೆಸಿಕೊಳ್ಳುವುದು ಲೇಸು. ಭಯವೆಲ್ಲವೂ ಶತ್ರುವಲ್ಲವೆಂಬುದನ್ನೂ ಮರೆಯಬಾರದು. ಶಕ್ತಿಗೆ ಮೀರಿದ ವೇಗದಲ್ಲಿ ಹೋಗುವವನಿಗೆ ಅಂಜಿಕೆಯು ಹಿತೈಷಿಯ ಎಚ್ಚರಿಕೆ. ಅಂಥವನು ಗುರುವಿನ ಬಳಿಯಲ್ಲಿ ನಿಂತು ಹಿಂದಿನ ಪಾಠಕ್ಕೆ ಮರಳಬೇಕು. ಕೋಪ ಬಂದವನಾದರೋ ಕೂಡಲೇ ಇಳಿಯಬೇಕು. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಕರ ಕ್ಸೆನೊಫನನು ಅಶ್ವಾರೋಹಣದ ಮೇಲೆ ಗ್ರಂಥ ಬರೆದು, ಕುದುರೆಯ ಬಳಿಗೆ ಎಂದಿಗೂ ಕೋಪದಿಂದ ಹೋಗಲಾಗದೆಂದು ವಿಧಿಸಿದನು. ಆ ವಿಧಿಯು ಇಂದಿಗೂ ಸವಕಳಿಯಾಗಿಲ್ಲ.

ಲಗಾಮು ಇರುವುದು ಕುದುರೆಯನ್ನು ಆಳುವುದಕ್ಕೆಂದು ಜನರು ತಿಳಿಯುತ್ತಾರೆ. ಅದರ ಒಂದು ತುದಿಯು ಕುದುರೆಯ ಬಾಯಲ್ಲಿದೆ, ನಿಜ. ಆದರೆ ಮತ್ತೊಂದು ತುದಿಯು ಸವಾರನ ಕೈಯಲ್ಲಿದೆ. ತಿದ್ದುವ ಕೆಲಸವು ಆ ಕೈಯಿಂದಲೇ ಆರಂಭವಾಗಬೇಕು. ತನ್ನ ಉಸಿರನ್ನು ತಾನು ಸಡಿಲಿಸಬಲ್ಲವನಿಗೆ ಲಗಾಮನ್ನು ಸೆಳೆಯುವ ಪ್ರಸಂಗವೇ ವಿರಳ. ಹೊಲದಲ್ಲಿ ಎತ್ತು ಹೂಡುವವನೂ, ಮನೆಯಲ್ಲಿ ಮಕ್ಕಳನ್ನು ತಿದ್ದುವವನೂ ಬಾರುಕೋಲನ್ನೋ ಬೆತ್ತವನ್ನೋ ಎತ್ತುವ ಮೊದಲು ಒಂದು ಕ್ಷಣ ತನ್ನ ಮುಷ್ಟಿಯನ್ನು ನೋಡಿಕೊಂಡರೆ ಈ ಉಪನ್ಯಾಸವು ಸಾರ್ಥಕವಾಗುವುದು.