ಅಳುವಿಗೂ ಒಂದು ಹೊತ್ತು



ದೀಪ ಹಚ್ಚುವುದು ಪೂಜೆ, ಆರಿಸುವುದು ಅಪಶಕುನ. ನಮಗೆ ಗೊತ್ತಿರುವುದು ಇಷ್ಟು. ಆದರೆ ಒಂದೊಂದಾಗಿ ದೀಪ ಆರಿಸುತ್ತಲೇ ನಡೆಯುವ ಆರಾಧನೆಯೊಂದು ಪಾಶ್ಚಾತ್ಯ ಕ್ರೈಸ್ತ ಪರಂಪರೆಯಲ್ಲಿದೆ. ಹೆಸರು ಟೆನೆಬ್ರೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಕೊನೆಯ ಮೂರು ದಿನಗಳಿಗೆ ಸೇರಿದ್ದು. ಹಳೆಯ ಕ್ರಮದಲ್ಲಿ ತ್ರಿಕೋನಾಕಾರದ ದೀಪದಾನಿಯ ಮೇಲೆ 15 ಮೇಣದಬತ್ತಿ ಇಡುತ್ತಿದ್ದರು. ಬೈಬಲ್ಲಿನ ಒಂದು ಕೀರ್ತನೆ ಮುಗಿದರೆ ಒಂದು ಬತ್ತಿ ಆರುತ್ತಿತ್ತು. ಕೊನೆಯದನ್ನು ಮಾತ್ರ ಆರಿಸದೆ ಬಲಿಪೀಠದ ಹಿಂದೆ ಮರೆಮಾಡುತ್ತಿದ್ದರು. ಆಗ ಪುಸ್ತಕಗಳನ್ನು ಬಡಿದು ದೊಡ್ಡ ಸದ್ದು. ಕ್ರಿಸ್ತ ಪ್ರಾಣ ಬಿಟ್ಟಾಗ ಭೂಮಿ ನಡುಗಿದ್ದರ ನೆನಪಂತೆ ಅದು.

ಅಲ್ಲಿ ಹಾಡುತ್ತಿದ್ದದ್ದು ಬೈಬಲ್ಲಿನ ಪ್ರಲಾಪಗಳ ಪುಸ್ತಕದ ಭಾಗಗಳನ್ನು. ಬ್ಯಾಬಿಲೋನಿನವರು ಯೆರೂಸಲೇಮನ್ನು ಹಾಳುಗೆಡವಿದ ಮೇಲೆ ಹುಟ್ಟಿದ ಶೋಕ ಅದು. ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂವಿನ 22 ಅಕ್ಷರಗಳ ಸರಣಿ ಹಿಡಿದು ಸಾಗುತ್ತವೆ. ಊರು ಸುಟ್ಟುಹೋಗಿದೆ, ಮಕ್ಕಳು ಹಸಿದಿದ್ದಾರೆ, ಕವಿ ಮಾತ್ರ ಅಕ್ಷರಮಾಲೆ ತಪ್ಪಿಸುವುದಿಲ್ಲ! ಮೊದಮೊದಲು ಇದು ಬರೀ ಕಸರತ್ತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ದಡವೇ ಕಾಣದ ದುಃಖಕ್ಕೆ ಇಲ್ಲಿಂದ ಇಲ್ಲಿಯವರೆಗೆ ಎಂದು ಒಂದು ಅಳತೆ ಸಿಗುತ್ತದೆ. ಅಷ್ಟು ದೂರ ಅಳುತ್ತಾ ನಡೆಯಬಹುದು. ಐದನೆಯ ಅಧ್ಯಾಯದಲ್ಲಿ ಪದ್ಯಗಳು 22 ಇದ್ದರೂ ಆ ಅಕ್ಷರಕ್ರಮ ಇಲ್ಲ. ಅಷ್ಟರಲ್ಲಿ ಕವಿಯ ಕಸುವೂ ಮುಗಿದಿತ್ತೇನೋ.

ಸಾವಿನ ಮನೆಯಲ್ಲಿ ನಾವು ಏನು ಮಾಡುತ್ತೇವೆ? ಧೈರ್ಯ ತಂದುಕೋ, ಮಕ್ಕಳ ಮುಖ ನೋಡು ಎನ್ನುತ್ತೇವೆ. ಒಳ್ಳೆಯ ಮಾತೇ, ಆದರೆ ಅದರಲ್ಲಿ ಅವಸರ ಇದೆ. ಅವರ ಅಳು ಬೇಗ ನಿಲ್ಲಲಿ ಎಂಬ ನಮ್ಮದೇ ಅವಸರ. ಶೋಕದ ಆರಾಧನೆಗೆ ಆ ಅವಸರವಿಲ್ಲ. ಬೈಬಲ್ಲಿನಲ್ಲಿ ದುಃಖ ತೋಡಿಕೊಳ್ಳುವ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಭರವಸೆಯತ್ತ ಹೊರಳುತ್ತವೆ. 88ನೆಯ ಕೀರ್ತನೆ ಹಾಗೆ ಹೊರಳದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದಕ್ಕೊಂದು ಸಮಾಧಾನದ ಸಾಲು ಸೇರಿಸಬೇಕೆಂದು ಯಾರೂ ಹೊರಡಲಿಲ್ಲ. ಇದ್ದಂತೆಯೇ ಪ್ರಾರ್ಥನೆಯಲ್ಲಿ ಉಳಿಸಿಕೊಂಡರು.

ಇದೆಲ್ಲ ದೂರದ ಮಾತಲ್ಲ. ನಮ್ಮ ಊರುಗಳ ಕಥೋಲಿಕ ಚರ್ಚುಗಳಲ್ಲೂ ಶುಭ ಶುಕ್ರವಾರ ಗಂಟೆ ಬಾರಿಸುವುದಿಲ್ಲ, ಬಲಿಪೂಜೆ ಇಲ್ಲ, ಬಲಿಪೀಠದ ಮೇಲೆ ಬಟ್ಟೆಯೂ ಇಲ್ಲ. ಗುರುಗಳು ಬಂದವರೇ ನೆಲಕ್ಕೆ ಮುಖವಿಟ್ಟು ಬೋರಲು ಮಲಗುತ್ತಾರೆ. ಆ ಹೊತ್ತಿಗೆ ಪ್ರವಚನ ಬೇಕಿಲ್ಲ.

ಇತ್ತೀಚೆಗೆ ಅಮೆರಿಕ, ಬ್ರಿಟನ್ನಿನ ಕೆಲವು ಚರ್ಚುಗಳು ಡಿಸೆಂಬರ್ 21ರ ಆಸುಪಾಸಿನಲ್ಲಿ, ವರ್ಷದ ಅತಿ ದೀರ್ಘ ರಾತ್ರಿಯ ಹೊತ್ತಿಗೆ, 'ನೀಲಿ ಕ್ರಿಸ್‌ಮಸ್' ಎಂಬ ಆರಾಧನೆ ನಡೆಸುತ್ತಿವೆ. ಮನೆಯಲ್ಲೊಬ್ಬರನ್ನು ಕಳೆದುಕೊಂಡು ಹಬ್ಬದ ಸಂಭ್ರಮ ತಾಳಲಾರದವರಿಗಾಗಿ. ಏನನ್ನೂ ಕಳೆದುಕೊಳ್ಳದವರಿಗೂ ಅಲ್ಲಿ ಕೆಲಸವಿದೆ: ದುಃಖದಿಂದ ಗಂಟಲು ಕಟ್ಟಿದವರ ಪಕ್ಕ ಕೂತು, ಅವರ ಪಾಲಿನ ಹಾಡನ್ನೂ ತಾವೇ ಹಾಡುವುದು.